ಕೈ ಹತ್ತಿರ ಬರುವ ಇಲಿಗಳು

ಅಧ್ಯಕ್ಷತೆ ವಹಿಸಿರುವ ಮಾನ್ಯ ರೆಕ್ಟರ್ ಅವರೇ, ಇಂದಿನ ಸನ್ಮಾನಿತರಾದ ಡಾಕ್ಟರ್ ಅನ್ಸೆಲ್ಮೊ ಬೊನೆತ್ತಿ ಅವರೇ, ಮುಂದಿನ ಸಾಲನ್ನು ತುಂಬಿರುವ ಔಷಧ ಕಂಪನಿಯ ಅತಿಥಿಗಳೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಸಭಿಕರೇ, ಮತ್ತು ಈ ಗೋಡೆಯಾಚೆ ಹಗಲು ನಿದ್ದೆಯಲ್ಲಿದ್ದು ನಮ್ಮ ಮೈಕಿನ ಸದ್ದಿಗೆ ಈಗಾಗಲೇ ಎದ್ದು ಕುಳಿತಿರಬಹುದಾದ ಬಿಳಿ ಇಲಿಗಳೇ,

ನಮ್ಮ ಸಂಸ್ಥೆಯ ಇಲಿಮನೆಗೆ ಪ್ರಾಣಿಗಳನ್ನು ಚೆನ್ನಾಗಿ ನೋಡಿಕೊಂಡದ್ದಕ್ಕೆ ಗೌರವ ಫಲಕ ಬಂದಿದೆ. ಅದಕ್ಕೆ ಕಾರಣರಾದವರು ಡಾಕ್ಟರ್ ಬೊನೆತ್ತಿ. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಫಲಕವನ್ನು ಅವರ ಕೈಗೆ ಕೊಡುವ ಕೆಲಸ ಇಲ್ಲಿನ ಪಶುವೈದ್ಯೆಯಾದ ನನ್ನದು. ಅವರ ಜೊತೆ ಮೂರು ವರ್ಷದಿಂದ ಮಾತು ಬಿಟ್ಟಿದ್ದವಳನ್ನೇ ಈ ಕೆಲಸಕ್ಕೆ ಏಕೆ ಆರಿಸಿದರು? ನನಗೆ ಆಗಲೇ ಅನುಮಾನ ಬಂತು. ನಿನ್ನೆ ರೆಕ್ಟರ್ ಅವರು ಕಾರಿಡಾರಿನಲ್ಲಿ ಸಿಕ್ಕಿ, "ಲಾಂದಾ ಮೇಡಂ, ಐದೇ ನಿಮಿಷ ಸಾಕು. ಇಲಿ, ಗೂಡು, ಕೊಳವೆ, ಇಷ್ಟು ಮಾತಾಡಿ ಮುಗಿಸಿ. ಔಷಧಿ ವಿಷಯ ಎತ್ತೋಕೆ ಹೋಗ್ಬೇಡಿ, ಆಯ್ತಾ?" ಎಂದರು. ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಅನುಮಾನ ನನಗೆ ಅಪ್ಪನಿಂದ ಬಂದದ್ದು. ಅವರು ನದಿ ದಂಡೆಯ ಮಾಂಸದ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದರು. ಎಲ್ಲವನ್ನೂ ಮೂಸಿ ನೋಡುವುದು ಅವರ ವೃತ್ತಿ, ಮನೆಯಲ್ಲೂ ಬಿಡುತ್ತಿರಲಿಲ್ಲ. ಭಾನುವಾರ ಅಮ್ಮ ಕೆಂಡದ ಮೇಲೆ ಬೇಯಿಸಿದ ಮಾಂಸವನ್ನು ತಟ್ಟೆಗೆ ಹಾಕಿದರೆ ಮೊದಲು ಮೂಗಿಗೆ ಹಿಡಿಯುವರು. "ನಾನೇನು ವಿಷ ಹಾಕಿದೀನಾ?" ಎಂದು ಅಮ್ಮ ರೇಗಿದರೆ, "ನೀನಲ್ಲ ಮಾರಾಯ್ತಿ, ನಿಂಗೆ ಮಾರಿದವನು" ಎನ್ನುವರು. ಅದೇ ಮೂಗು ನನಗೂ ಬಂದಿದೆ. ನನ್ನ ಮಾಜಿ ಗಂಡ ಹೇಳುತ್ತಿದ್ದ: "ನಿನ್ ಜೊತೆ ಸಂಸಾರ ಅಂದ್ರೆ ದಿನಾ ಸಂಜೆ ಕಸ್ಟಮ್ಸ್ ದಾಟಿ ಮನೆಗೆ ಬಂದ ಹಾಗೆ ಕಣೇ." ಅವನ ಮೇಲೆ ನನಗಿದ್ದ ಅನುಮಾನ ಕೊನೆಗೆ ನಿಜವೇ ಆಯಿತು, ಅದು ಬೇರೆ ಮಾತು. ನಿಜವಾದ ದಿನ ಒಂದಿಷ್ಟೂ ಸಂತೋಷವಾಗಲಿಲ್ಲ. ಕ್ಷಮಿಸಿ, ಇದು ಇಲ್ಲಿ ಹೇಳುವ ಸಂಗತಿಯಲ್ಲ.

ಇಲಿಯ ವಿಷಯಕ್ಕೆ ಬರುತ್ತೇನೆ. ನಾವೆಲ್ಲ ಕಲಿತದ್ದು ಇಲಿಯನ್ನು ಬಾಲ ಹಿಡಿದು ಎತ್ತುವುದನ್ನು. ನಮ್ಮ ಗುರುಗಳು ಹಾಗೆ ಎತ್ತಿದರು, ನಾವೂ ಎತ್ತಿದೆವು. ತಲೆಕೆಳಗಾಗಿ ತೂಗುವ ಇಲಿಗೆ ಏನನ್ನಿಸುತ್ತದೆ ಎಂದು ಕೇಳಿದವರು ಯಾರು? ಮೂರು ವರ್ಷದ ಹಿಂದೆ ನಾನು ಕೆಲವು ಪಂಜರಗಳಿಗೆ ರಟ್ಟಿನ ಕೊಳವೆಗಳನ್ನು ತರಿಸಿದೆ. ಇಲಿ ತಾನಾಗಿಯೇ ಕೊಳವೆಯೊಳಗೆ ನಡೆದುಹೋಗುತ್ತದೆ, ನಾವು ಕೊಳವೆಯನ್ನು ಎತ್ತುತ್ತೇವೆ. ಇಲಿಮನೆ ನೋಡಿಕೊಳ್ಳುವ ನೆಲಿದಾ ಮೊದಲ ದಿನ ನಕ್ಕುಬಿಟ್ಟಳು: "ಇನ್ನೇನು ಬೇಕು ಡಾಕ್ಟ್ರೇ ಇವಕ್ಕೆ? ಪಲ್ಲಕ್ಕಿನೇ ಬಂತಲ್ಲ! ನಾನು ಎರಡು ಬಸ್ ಹಿಡಿದು ನಿಂತ್ಕೊಂಡು ಬರ್ತೀನಿ." ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೂ ಪಲ್ಲಕ್ಕಿ ನಿಲ್ಲಲಿಲ್ಲ.

ಕೊಳವೆ ಬಂದ ಮೇಲೆ ಒಂದು ಅನಾಹುತವಾಯಿತು. ಡಾಕ್ಟರ್ ಬೊನೆತ್ತಿಯವರ ಔಷಧಿ ಕೆಲಸ ಮಾಡುವುದನ್ನು ನಿಲ್ಲಿಸಿತು.

ಅವರ ಔಷಧಿ ಭಯವನ್ನು ಹೋಗಲಾಡಿಸುವಂಥದ್ದು. ಪರೀಕ್ಷೆ ಹೀಗಿತ್ತು: ಎತ್ತರದಲ್ಲಿ ಒಂದು ಹಲಗೆ. ಅದರ ಒಂದು ಭಾಗಕ್ಕೆ ಗೋಡೆಯ ಮರೆಯಿದೆ, ಇನ್ನೊಂದು ಭಾಗ ಬಯಲು. ಔಷಧಿ ಕುಡಿದ ಇಲಿ ಧೈರ್ಯವಾಗಿ ಬಯಲಿಗೆ ಬರುತ್ತಿತ್ತು, ಕುಡಿಯದ ಇಲಿ ಗೋಡೆಯ ಮರೆಯಲ್ಲಿ ಮುದುಡುತ್ತಿತ್ತು. ಹತ್ತು ವರ್ಷದ ಕೆಲಸ, ಹೆಸರು, ಮುಂದಿನ ಸಾಲಿನ ಅತಿಥಿಗಳ ವಿಶ್ವಾಸ, ಎಲ್ಲ ಆ ವ್ಯತ್ಯಾಸದ ಮೇಲೆ ನಿಂತಿತ್ತು. ಕೊಳವೆ ಬಂದ ಮೇಲೆ ಔಷಧಿ ಕುಡಿಯದ ಇಲಿಯೂ ಬಯಲಿಗೆ ಬಂದು ಮೀಸೆ ಕುಣಿಸತೊಡಗಿತು.

ಆಗ ಡಾಕ್ಟರ್ ಬೊನೆತ್ತಿ ನನ್ನ ಕೋಣೆಗೆ ನುಗ್ಗಿ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. "ಲಾಂದಾ ಮೇಡಂ, ನಿಜ ಹೇಳಿ. ನನ್ನ ಇಲಿಗಳಿಗೆ ಏನು ಹಾಕ್ತಿದೀರಿ?"

"ಏನೂ ಇಲ್ಲ ಡಾಕ್ಟ್ರೇ, ಬಾಲ ಹಿಡಿಯೋದು ಬಿಟ್ಟಿದೀವಿ, ಅಷ್ಟೇ."

"ಯಾರಿಗೆ ಹೇಳ್ತೀರಿ ಈ ಕಥೆ? ಕಾಳಿಗೆ ಏನೋ ಬೆರೆಸ್ತಿದೀರಿ. ನನ್ನ ಕೆಲಸ ಹಾಳು ಮಾಡೋಕೆ ಯಾರು ಹೇಳಿದ್ರು ನಿಮಗೆ?"

ನಾನು ಸೋರೆಬುರುಡೆಯಿಂದ ಮಾಟೆ ಎಲೆಯ ಕಷಾಯ ಹೀರುತ್ತ ಕುಳಿತಿದ್ದೆ. ಸಿಟ್ಟನ್ನು ತಣಿಸೋಣವೆಂದು ಬುರುಡೆಗೆ ಬಿಸಿನೀರು ತುಂಬಿ ಅವರತ್ತ ಚಾಚಿದೆ. ಅವರು ಅದನ್ನು ನೋಡಿದರು. ಅದರೊಳಗಿನ ಎಲೆಯನ್ನು ನೋಡಿದರು. ನನ್ನ ಮುಖ ನೋಡಿದರು. "ಧನ್ಯವಾದ" ಎಂದರು. ಒಂದು ಗುಟುಕೂ ಕುಡಿಯದೆ! ಒಂದೇ ಬುರುಡೆಯಿಂದ, ಒಂದೇ ಕೊಳವೆಯಿಂದ ಊರೆಲ್ಲ ಹೀರುವ ನಮ್ಮ ರೊಸಾರಿಯೊದಲ್ಲಿ, ಸಾಕೆನಿಸಿದವರು ಮಾತ್ರ ಧನ್ಯವಾದ ಹೇಳುವ ನಮ್ಮ ಜನರ ನಡುವೆ, ಅದರ ಅರ್ಥವೇನೆಂದು ನಾನು ವಿವರಿಸಬೇಕೆ? ಅಂದಿನಿಂದ ಮಾತು ನಿಂತಿತು.

ಹೀಗಿದ್ದವರು ಕಳೆದ ವರ್ಷ ಇದ್ದಕ್ಕಿದ್ದಂತೆ, ಇಡೀ ಇಲಿಮನೆಗೆ ಕೊಳವೆ ಬೇಕು, ಗೂಡು ಕಟ್ಟಲು ಕಾಗದ ಬೇಕು, ಒಂಟಿ ಇಲಿಗೆ ಜೊತೆ ಬೇಕು ಎಂದು ತಾವೇ ಅರ್ಜಿ ಹಾಕಿದರು. ಆಮೇಲೆ ಈ ಫಲಕಕ್ಕೂ ಹೆಸರು ಕೊಟ್ಟರು. ನೀವಾಗಿದ್ದರೆ ನಂಬುತ್ತಿದ್ದಿರಾ? ನಾನು ನಂಬಲಿಲ್ಲ. ಅತಿಥಿಗಳು ಇಣುಕುವ ಗಾಜಿನ ಮುಂದೆ ಮಾತ್ರ ಕೊಳವೆ, ಹಿಂದಿನ ಕೋಣೆಯಲ್ಲಿ ಹಳೆಯ ಬಾಲವೇ ಇರಬೇಕೆಂದುಕೊಂಡೆ.

ಕಳೆದ ವಾರ ಯಾರಿಗೂ ಹೇಳದೆ ಹಿಂದಿನ ಕೋಣೆಗೆ ಹೋದೆ. ಇದನ್ನು ಪತ್ತೆ ಮಾಡುವುದು ಸುಲಭ. ಪಂಜರದೊಳಗೆ ಕೈ ಇಟ್ಟು ಅಲುಗಾಡದೆ ನಿಲ್ಲಬೇಕು. ಬಾಲ ಹಿಡಿಸಿಕೊಂಡು ಬೆಳೆದ ಇಲಿ ದೂರದ ಮೂಲೆ ಸೇರುತ್ತದೆ. ಕೈಯನ್ನು ನಂಬಿದ ಇಲಿ ಹತ್ತಿರ ಬಂದು ಮೂಸುತ್ತದೆ. ನಾನು ಕೈ ಇಟ್ಟೆ. ಬಂದವು. ಮುಂದಿನ ಪಂಜರದಲ್ಲೂ ಬಂದವು. ಒಂದು ಹೆಣ್ಣಿಲಿ ನನ್ನ ಹೆಬ್ಬೆರಳಿನ ಮೇಲೆ ಮುಂಗಾಲಿಟ್ಟು ನಿಂತು, ಗಡಿಯಾರದ ಪಟ್ಟಿಯನ್ನು ಕಡಿದು ನೋಡಿತು.

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ನನಗೇನು ಹೊಳೆಯಿತು ಗೊತ್ತೇ? ಇವುಗಳಿಗೆ ಬೊನೆತ್ತಿ ತಮ್ಮ ಔಷಧಿಯನ್ನೇ ಕುಡಿಸಿದ್ದಾರೆ! ಭಯ ಹೋಗಲಾಡಿಸುವ ಔಷಧಿಯಲ್ಲವೇ? ನೀರಿಗೆ ಬೆರೆಸಿದರೆ ಆಯಿತು, ಫಲಕ ಬಂತು. ಮೂರು ವರ್ಷದ ಹಿಂದೆ ಅವರು ನನ್ನ ಮೇಲೆ ಹೊರಿಸಿದ ಅಪವಾದವನ್ನೇ ನಾನು ಅಕ್ಷರ ಬದಲಿಸದೆ ಅವರ ಮೇಲೆ ಹೊರಿಸುತ್ತಿದ್ದೇನೆ ಎಂದು ಆ ಗಳಿಗೆಯಲ್ಲಿ ನನಗೆ ತೋಚಲೇ ಇಲ್ಲ. ತೋಚಿದ್ದರೂ ಬಿಡುತ್ತಿದ್ದೆನೆ? ಹೇಳಲಾರೆ.

ಅಲ್ಲೇ ಇದ್ದ ಒಂದು ಟ್ರೇಯನ್ನು ತೆಗೆದುಕೊಂಡು ಪಂಜರದ ಮೇಲೆ ಬೀಸಿದೆ. ಗಿಡುಗದ ನೆರಳು ಬಿದ್ದಂತಾಯಿತು. ಭಯದ ಔಷಧಿ ಕುಡಿದ ಇಲಿಯಾಗಿದ್ದರೆ ಕುಳಿತಲ್ಲೇ ಕುಳಿತಿರುತ್ತಿತ್ತು. ಇವು ಕಣ್ಣು ಮಿಟುಕಿಸುವಷ್ಟರಲ್ಲಿ ಕೊಳವೆಯೊಳಗೆ ಮಾಯವಾದವು. ಹೊರಗೆ ಒಂದು ಬಾಲವೂ ಉಳಿಯಲಿಲ್ಲ. ನಾನು ಟ್ರೇ ಕೆಳಗಿಟ್ಟು ಮತ್ತೆ ಕೈ ಚಾಚಿ ಕಾದೆ. ತುಸು ಹೊತ್ತಿಗೆ ಕೊಳವೆಯ ಬಾಯಲ್ಲಿ ಮೀಸೆ ಕಂಡಿತು, ಆಮೇಲೆ ಮೂಗು, ಆಮೇಲೆ ಅದೇ ಹೆಣ್ಣಿಲಿ. ಭಯ ಅವುಗಳಲ್ಲಿ ಇದ್ದೇ ಇತ್ತು, ಹೇಗಿರಬೇಕೋ ಹಾಗೆ. ನಮ್ಮ ಕೈಯ ಭಯ ಮಾತ್ರ ಇರಲಿಲ್ಲ.

ನಾನು ನೇರವಾಗಿ ಡಾಕ್ಟರ್ ಬೊನೆತ್ತಿಯವರ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು, "ನಿಮ್ಮ ಔಷಧಿ ಏನಾಯ್ತು?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದರು. "ಯಾವ ಔಷಧಿ? ಅದರ ಮೇಲೆ ಬರೆದ ಪ್ರಬಂಧ ವಾಪಸ್ ತಗೊಂಡೆ. ನಾವೇ ಇಲಿಗಳನ್ನ ಹೆದರಿಸೋದು, ಆಮೇಲೆ ನಾವೇ ಔಷಧಿ ಕೊಟ್ಟು ಧೈರ್ಯ ಬಂತು ಅಂತ ಬರ್ಕೊಳ್ಳೋದು. ಹತ್ತು ವರ್ಷ ಇದನ್ನೇ ಮಾಡಿದೀನಿ ಕಣ್ರೀ. ಸನ್ಮಾನ ಪತ್ರದಲ್ಲಿ ಈ ಮಾತು ಸೇರಿಸಿ ಅಂತ ರೆಕ್ಟರಿಗೆ ಹೇಳಿದೀನಿ. ಇಲ್ಲಾಂದ್ರೆ ಆ ಫಲಕ ನನಗೆ ಬೇಡ."

"ಸೇರಿಸ್ತಾರಾ?"

"ನೀವು ಏನಂದ್ಕೊಂಡಿದೀರಿ?"

ಮೂರು ವರ್ಷದಲ್ಲಿ ನಾವಿಬ್ಬರೂ ಒಂದೇ ಅನುಮಾನಪಟ್ಟದ್ದು ಅದೇ ಮೊದಲು. ಆದರೂ ಅವರು ಕೂರಿ ಅನ್ನಲಿಲ್ಲ, ಮೇಜಿನ ಮೇಲಿದ್ದ ಮಾಟೆಯ ಥರ್ಮಸ್ಸನ್ನು ಮುಟ್ಟಲಿಲ್ಲ. ನಾನೂ ಕೇಳಲಿಲ್ಲ.

ಸಭಿಕರೇ, ಸನ್ಮಾನ ಪತ್ರ ನನ್ನ ಕೈಯಲ್ಲಿದೆ. ಕೊಳವೆ ಇದೆ, ಗೂಡು ಇದೆ, ಕರುಣೆ ಎಂಬ ಪದ ಬೇಕಾದಷ್ಟು ಸಲ ಇದೆ. ಆ ಮಾತು ಇಲ್ಲ. ರೆಕ್ಟರ್ ಅವರೇ, ನೀವು ಗಡಿಯಾರ ನೋಡಿಕೊಳ್ಳುತ್ತಿರುವುದು ನನಗೆ ಕಾಣುತ್ತಿದೆ. ಮುಂದಿನ ಸಾಲಿನ ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾರೆ. ಹಾಗಾದರೆ ಅವರಿಗೆ ಯಾರೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ: ಆ ಔಷಧಿಯಿಂದ ಪ್ರಯೋಜನವಿಲ್ಲ, ಹಾಗೆಂದು ಕಂಡುಕೊಂಡವರು ಅದನ್ನು ತಯಾರಿಸಿದ ಡಾಕ್ಟರ್ ಬೊನೆತ್ತಿಯವರೇ. ಕೊಳವೆಯನ್ನು ಯಾರು ಬೇಕಾದರೂ ತರಿಸಬಹುದು, ನಾನೂ ತರಿಸಿದ್ದೆ. ಹತ್ತು ವರ್ಷದ ಹೆಸರನ್ನು ಕೈಯಾರೆ ಬಿಟ್ಟುಕೊಡುವುದು ನನ್ನಿಂದ ಆಗುತ್ತಿತ್ತೆ? ನನ್ನ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಈ ಫಲಕ ಅವರಿಗೆ ಸಲ್ಲಬೇಕಾದದ್ದು ಅದಕ್ಕಾಗಿ.

ಈಗ ಕೊನೆಯದು. ಈ ಮೇಜಿನ ಮೇಲೆ ಫಲಕದ ಪಕ್ಕದಲ್ಲಿ ನನ್ನ ಥರ್ಮಸ್ ಮತ್ತು ಮಾಟೆ ಬುರುಡೆ ಏಕಿವೆ ಎಂದು ಆಗಿನಿಂದ ನೀವು ಯೋಚಿಸುತ್ತಿರಬೇಕು. ನಮ್ಮ ಪದ್ಧತಿಯಂತೆ ಮಾಟೆ ಮಾಡಿದವಳೇ ಮೊದಲ ಬುರುಡೆ ಕುಡಿಯಬೇಕು. ಕುಡಿಯುತ್ತೇನೆ. ನೋಡಿ, ಏನೂ ಆಗಲಿಲ್ಲ. ಇದು ಎರಡನೆಯದು. ಡಾಕ್ಟರ್ ಬೊನೆತ್ತಿ, ನನ್ನ ಕೈ ಚಾಚಿದ್ದೇನೆ. ಅಲುಗಾಡಿಸುವುದಿಲ್ಲ. ನಿಮಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳಿ.

ಎದ್ದರು. ಬಂದರು. ಬುರುಡೆಯನ್ನು ಮೂಸಿ ನೋಡುತ್ತಿದ್ದಾರೆ! ನಗಬೇಡಿ ಸಭಿಕರೇ, ಅವುಗಳೂ ಮೊದಲು ಮೂಸಿಯೇ ನೋಡುತ್ತವೆ. ನಮ್ಮ ಅಪ್ಪನೂ ಹಾಗೆಯೇ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ, ನಾಳೆ ನನ್ನನ್ನು ಕೋಣೆಗೆ ಕರೆಸಲಿರುವ ರೆಕ್ಟರ್ ಅವರಿಗೂ, ಪಲ್ಲಕ್ಕಿ ಹೊರುವ ನೆಲಿದಾಗೂ ಧನ್ಯವಾದಗಳು. ಡಾಕ್ಟರ್, ನೀವು ಮಾತ್ರ ಈಗಲೇ ಧನ್ಯವಾದ ಹೇಳಬೇಡಿ. ಥರ್ಮಸ್ಸಿನಲ್ಲಿ ಇನ್ನೂ ನೀರಿದೆ.

ನಮಸ್ಕಾರ.