ಬೆಲ್ಟಿನಾಗ ಸಿಕ್ಕ ಬೆರಳು

...ಸಾಕು, ಹ್ಯಾಂಡಲ್ ಬಿಡು ಸಿದ್ರಾಮ, ಬಿಡು! ಇನ್ನ ತಿರುವಬ್ಯಾಡ... ಹಾಂ. ಹಂಗ ನಿಂದ್ರು. ಬಾನೆಟ್ ಒಳಗ ಬಗ್ಗಿ ನೋಡು. ನನ್ನ ಎರಡು ಬೆರಳು ಫ್ಯಾನ್ ಬೆಲ್ಟಿನ ಕೆಳಗ ಸಿಕ್ಕಾವ, ಪುಲ್ಲಿ ಒಳಗ. ಇನ್ನರ್ಧ ಸುತ್ತು ತಿರುವಿದ್ದಿ ಅಂದ್ರ ಸೌತಿಕಾಯಿ ಕೊಯ್ದಂಗ ಹೋಗ್ತಿದ್ವು.

ಇಲ್ಲೋ, ನಿಂದೇನು ತಪ್ಪಿಲ್ಲ. ತಿರುವು ಅಂದಾವ ನಾನೇ. ಹೊಸ ಬೆಲ್ಟು ಹಾಕಾಕ ಹಳೇದು ತೆಗೀಬೇಕಿತ್ತು. ಡೈನಮೋದ ಬೋಲ್ಟು ಸಡ್ಲಾಗಿದ್ರ ಬೆಲ್ಟು ತಾನೇ ಕಳಚಿ ಬರ್ತಿತ್ತು. ಅದು ತುಕ್ಕು ಹಿಡಿದು ಕುಂತದ, ಪಾನಾ ಹಾಕಿದ್ರ ಜಾರಾಕತ್ತದ. ಅದಕ್ಕ, ನಾ ಬೆಲ್ಟು ಅಂಚಿಗೆ ಎಳೀತೀನಿ, ನೀ ಹ್ಯಾಂಡಲ್ ಹಾಕಿ ಇಂಜಿನ್ ಮೆಲ್ಲಕ ತಿರುವು ಅಂದೆ. ಹಳೇ ಡ್ರೈವರ್‌ಗಳು ಹಿಂಗೇ ತೆಗೀತಾರ. ನಾನೂ ಎಷ್ಟೋ ಸಲ ತೆಗೆದೀನಿ. ಇವತ್ತು ಜಲ್ದಿ ಮಾಡಾಕ ಹೋದೆ, ಸಿಕ್ಕೊಂತು. ಆತುರಗಾರಗ ಬುದ್ಧಿ ಮಟ್ಟ ಅಂತಾರಲ್ಲ, ಸುಳ್ಳಲ್ಲ.

ಹಿಂದಕ್ಕ ತಿರುವಾಕ ಬರಂಗಿಲ್ಲ, ಹ್ಯಾಂಡಲ್ ಮುಂದಕ್ಕಷ್ಟೇ ಹಿಡೀತದ. ಒಂದೇ ದಾರಿ ಉಳೀತು. ಸೊಂಟದಾಗ ನಿನ್ನ ಚೂರಿ ಅದಲ್ಲ, ಕುರಿ ಚೂರಿ? ಅದನ್ನ ತಗೀ. ಬೆಲ್ಟು ಕೊಯ್ಯಿ... ಯಾಕ ನಗ್ತಿ? ಮೊದಲೇ ಯಾಕ ಕೊಯ್ಯಲಿಲ್ಲ ಅಂತಿಯೇನು? ಹಳೇ ಬೆಲ್ಟು ಇಡೀದಾಗಿ ಆಫೀಸಿಗೆ ತಿರುಗಿ ಒಪ್ಪಿಸಬೇಕೋ. ಕೊಯ್ದದ್ದು ಒಯ್ದು ಕೊಟ್ರ, ಡ್ರೈವರ್ ಯಮನೂರಪ್ಪ ಬೇಕಂತಲೇ ಕೊಯ್ದು ಗಾಡಿ ನಿಲ್ಸಿದ ಅಂತಾರ. ಎಮರ್ಜೆನ್ಸಿ ಅದ ಅಳಿಯಾ, ನಾವು ಕೆಮ್ಮಿದ್ರೂ ಸಾಹೇಬರಿಗೆ ಸುದ್ದಿ ಹೋಗ್ತದ.

ಕೊಯ್ಯಿ, ಜಲ್ದಿ. ನನ್ನ ಬೆರಳಿನ ಕಡಿ ಅಲ್ಲ, ಆಚಿ ಕಡಿ, ಡೈನಮೋ ಹತ್ರ. ರೇಡಿಯೇಟರ್ ಮುಟ್ಟಬ್ಯಾಡ, ಸುಡ್ತದ. ಮಾನ್ವಿ ದಾಟಿದಾಗಿಂದ ಬೆಲ್ಟು ಜಾರಿ ನೀರು ಕುದಿಯಾಕತ್ತಿತ್ತು, ಹೆಂಗೋ ಇಲ್ಲೀತನಕ ತಂದೆ. ಮಧ್ಯಾಹ್ನದೊಳಗ ರಾಯಚೂರು ಮುಟ್ಟಲಿಲ್ಲಂದ್ರ ಜೀಪು ತಗೊಂಡು ಹುಡುಕ್ಕೊಂಡು ಬರ್ತೀವಿ ಅಂದಾರ.

ಯಾಕ ಹುಡುಕ್ತಾರ ಅಂದ್ರ... ನಿನ್ನ ನೌಕರಿ ಸಲುವಾಗೋ! ವಾಚ್‌ಮನ್ ನೌಕರಿ ಅಂದ್ರ ದಾರ್‍ಯಾಗ ಬಿದ್ದದೇನು? ಡಾಕ್ಟರು ಮೈ ನೋಡಬೇಕು. ಕುರಿ ಕಾಯೋನ ಸಲುವಾಗಿ ನಿಮ್ಮೂರು ಚೀಕಲಪರ್ವಿ ತನಕ ತಮ್ಮ ಕಾರು ಕಳಿಸೋ ಸಾಹೇಬರು ಎಲ್ಲ್ಯಾರ ಅದಾರೇನು, ನೀನೇ ಹೇಳು.

ನಾ ಹೇಳಿದ್ದು ನೆನಪದ ಇಲ್ಲ? ಕೇಳಿದ್ರ ವಯಸ್ಸು ಮೂವತ್ತು ಅನ್ನು. ಎರಡು ಮಕ್ಕಳು ಅನ್ನು. ಹೋದ ಬ್ಯಾಸಿಗ್ಯಾಗ ಮದುವಿ ಆಗ್ಯದ ಅಂತ ಬಾಯಿ ಬಿಡಬ್ಯಾಡ... ಮತ್ತ ಅದನ್ನೇ ಕೇಳ್ತಿಯಲ್ಲ. ಕಾವಲಿಗೆ ಮಕ್ಕಳಿದ್ದಾವನೇ ಬೇಕಂತ. ಅಂಥಾವ ಬಿಟ್ಟು ಓಡಿಹೋಗಂಗಿಲ್ಲಂತ. ಸರ್ಕಾರದ ಕಾಯಿದೆ, ನಾ ಏನು ಮಾಡ್ಲಿ?

ಹಾಂ, ಹರಿಯಾಕತ್ತದ. ಶಾಣ್ಯಾ ಅದಿ. ಅರ್ಧ ಆತು... ಹೊಟ್ಟಿ ಹಸದದೇನು? ಮಾನ್ವ್ಯಾಗ ಭಜಿ ಕೊಡಸಲಿಲ್ಲಂತ ಸಿಟ್ಟು ಮಾಡಬ್ಯಾಡ, ಖಾಲಿ ಹೊಟ್ಟೀಲೇ ಕರ್ಕೊಂಡು ಬಾ ಅಂದಾರ. ಸಂಜಿಮುಂದ ಬೇಕಾದ್ದು ಉಣ್ಣಿಸ್ತೀನಿ. ಆಮ್ಯಾಲ ನಿನಗ ಕೆಲಸೇ ಇಲ್ಲ ನೋಡು. ಒಂದು ವಾರ ಮಲಕೊಂಡಿರು, ಭಾರ ಎತ್ತಬಾರದು, ಕುರಿ ಹಿಂದ ಓಡಬಾರದು, ಆದೆಮ್ಮನ ಹತ್ರಾನೂ...

ಯಾಕ ನಿಲ್ಸಿದಿ?

ಕೊಯ್ಯೋ. ಅಷ್ಟಕ್ಕೇ ನಿಲ್ಸಬ್ಯಾಡ... ವಾಚ್‌ಮನ್ ಆಗಾವ ಯಾಕ ಮಲಗಬೇಕು ಅಂತಿಯೇನು? ಅದು... ಅದು ಸೂಜಿ ಮಾಡ್ತಾರ, ಜ್ವರ ಬರ್ತದ. ಮತ್ತೇನಿಲ್ಲ. ನಿನ್ನ ಹೆಂಡ್ತಿ ಹೆಸರು ಸುಮ್ನೆ ಬಾಯಿಗೆ ಬಂತು. ಹಂಗ ನೋಡಬ್ಯಾಡ ಸಿದ್ರಾಮ. ಚೂರಿ ಹಿಡಕೊಂಡು ಹಂಗ ನೋಡಬ್ಯಾಡ, ನನಗ ಹೆದರಿಕಿ ಆಗ್ತದ. ಮೊದಲೇ ಹೆದರಿ ಸಾಯಾಕತ್ತೀನಿ, ಹೆದರಿದಾವನ ಮ್ಯಾಲ ಹಾವು ಒಗೀಬ್ಯಾಡ. ಬೆರಳು ನೀಲಿ ಆಗ್ಯಾವ ನೋಡಲ್ಲಿ.

ಏನಾರ ಮಾತಾಡೋ. ಹೂಂ ಅನ್ನು, ಉಹೂಂ ಅನ್ನು... ಟಗರು ಕೆಡವೋ ಮುಂದ ಹಿಂಗೇ ನಿಂದರ್ತಿ ನೀನು, ಪಿಟ್ಟೆನ್ನಂಗಿಲ್ಲ. ಬೀಜ ಒಡೆಯೋ ಮುಂದ...

ಯಪ್ಪಾ. ಆ ಮಾತು ಆಡಬಾರದಿತ್ತು ನಾನು.

...ಹೌದು. ತಿಳೀತಲ್ಲ ನಿನಗ. ಆಪರೇಷನ್ನಿಗೇ ಒಯ್ಯಾಕತ್ತೀನಿ, ಮಕ್ಕಳಾಗದ ಆಪರೇಷನ್ನಿಗೆ. ನೌಕರಿ ಇಲ್ಲ, ಏನಿಲ್ಲ. ಒಬ್ಬೊಬ್ಬ ಡ್ರೈವರು ಇಬ್ಬರನ್ನ ತರಬೇಕು, ಇಲ್ಲಂದ್ರ ಮನಿಗೆ ನಡಿ ಅಂದ್ರು. ಮೊದಲು ನಾನೇ ಮಾಡಿಸ್ಕೊಂಡೆ, ನನಗ ನಾಲ್ಕು ಅದಾವ, ನಡೀತದ. ಇನ್ನೊಬ್ಬ ಬೇಕಾತು. ಎಲ್ಲಿಂದ ತರ್ಲಿ? ಈ ಕಾರು ಕಂಡ್ರ ಸಾಕು, ಊರಾಗಿನ ಗಂಡಸರೆಲ್ಲ ಜ್ವಾಳದಾಗ ಹೊಕ್ಕಂತಾರ. ಓಡದಾವ ನೀನೊಬ್ನೇ. ಮಾವನ ಗಾಡಿ ಬಂತು ಅಂತ ಎದುರಿಗೇ ಬಂದಿ.

ನಿನ್ನ ಜವಳದಾಗ ತೊಡಿ ಮ್ಯಾಲ ಕುಂದರ್ಸಿಕೊಂಡು ಮೊದಲನೇ ಕೂದ್ಲು ಕತ್ತರಿಸಿದಾವ ನಾನು. ಸೋದರಮಾವ ಕತ್ತರಿ ಹಿಡಿದ್ರ ಕೂಸು ಹೆದರಂಗಿಲ್ಲಂತ, ನೀ ಅಳಲೇ ಇಲ್ಲ ಅವತ್ತು. ಅಕ್ಕ ಭೀಮವ್ವ ಇವತ್ತೂ ಹಂಗೇ ನಂಬಿ ಕಳಿಸಿದ್ಳು. 'ಮಾವ ಅದಾನ, ಹೋಗು' ಅಂದ್ಳು. ನಾ ಆಕಿ ಮಾರಿ ನೋಡಲೇ ಇಲ್ಲ, ಗಾಡಿ ಚಾಲೂ ಮಾಡಿಬಿಟ್ಟೆ.

ಅಲ್ಲಿ... ಅಲ್ಲಿ ನೋಡು, ರಾಯಚೂರು ಕಡಿಂದ. ಧೂಳು ಏಳಾಕತ್ತದ. ಜೀಪು ಅದು! ಅವರು ಬಂದ್ರ ನನ್ನ ಬೆರಳು ಬಿಡಸ್ತಾರ, ನಿನ್ನ ಬಿಡಂಗಿಲ್ಲ. ಓಡು. ಈ ಹತ್ತಿ ಹೊಲ ದಾಟಿ ಹಳ್ಳಕ್ಕ ಇಳಿ, ಅಲ್ಲಿಗೆ ಗಾಡಿ ಬರಂಗಿಲ್ಲ... ಯಾಕ ಹತ್ರ ಬರ್ತಿ? ಸಿದ್ರಾಮ, ಯಾಕ ಬಗ್ಗಾಕತ್ತಿ? ಬ್ಯಾಡೋ, ನನ್ನ ಕೈ ಕೊಯ್ಯಬ್ಯಾಡ, ಸ್ಟೇರಿಂಗ್ ಹಿಡಿಯೋ ಕೈ ಅದು, ನಿನ್ನ ಕಾಲಿಗೆ ಬೀಳ್ತೀನಿ...

...ಹರೀತು.

ಬೆರಳು ಅದಾವ. ಎರಡೂ ಅದಾವ. ನೀ ಬೆಲ್ಟೇ ಕೊಯ್ದಿ.

ಹೋಗು ಈಗ, ಹೋಗು. ಕೇಳಿದ್ರ ಗಾಡಿ ಕೆಟ್ಟಾಗ ಕಣ್ಣು ತಪ್ಪಿಸಿ ಹೋದ ಅಂತೀನಿ, ಏನು ಮಾಡ್ತಾರ ಮಾಡ್ಲಿ. ಓಡೋ, ನಡಕೊಂಡ್ಯಾಕ ಹೊಂಟಿ? ಜೀಪು ಬಂತು... ಸಿದ್ರಾಮ, ಇತ್ತಾಗ ನೋಡು. ಹಿಂಗ ಸುಮ್ಮನ ಹೋಗಬ್ಯಾಡ. ನಿನ್ನ ಮಾವಗ ಒಂದು ಮಾತು ಬೈದಾದ್ರೂ ಹೋಗೋ.