ಬದುಕಿದ್ದವಳ ಗುಡಿಸಲಿಗೆ ಬೆಂಕಿ ಇಟ್ಟ ಬಗ್ಗೆ ಬೋರಿಹಾಳದ ಗುರಮ್ಮ ಹೇಳಿದ್ದು

ಹೆಸರು ಗುರಮ್ಮ. ಗಂಡನ ಹೆಸರು ಬೀರಲಿಂಗಪ್ಪ (ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲು ಒಪ್ಪದ ಕಾರಣ ಜೊತೆಗಿದ್ದ ಇಮಾಮಸಾಬನಿಂದ ಕೇಳಿ ಬರೆದಿದೆ). ವಯಸ್ಸು ಸುಮಾರು ಇಪ್ಪತ್ತೆಂಟು. ಜಾತಿ ಕುರುಬ. ಕಸುಬು ಉಣ್ಣೆ ನೂಲುವುದು. ವಾಸ ಬೋರಿಹಾಳ ಗ್ರಾಮ, ಆಳಂದ ತಾಲ್ಲೂಕು, ಗುಲಬರ್ಗಾ ಜಿಲ್ಲೆ. ಸದ್ಯ ಇರುವುದು ಹಳ್ಳದ ಆಚೆ ದರ್ಗಾದ ಪಡಸಾಲೆಯಲ್ಲಿ.

ಸರಸಂಬಾ ರಸ್ತೆಯ ಹುಣಸೆಮರದ ಕೆಳಗೆ ಪೊಲೀಸ್ ಠಾಣೆಯ ಅಮೀನ ಸಾಹೇಬರ ಮುಂದೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಹೆಸರು ಗೊತ್ತಿಲ್ಲದ ಹೆಂಗಸೊಬ್ಬಳು ಬೋರಿಹಾಳದ ಸೀಮೆಯಲ್ಲಿ ತಿರುಗುತ್ತ ಬೇನೆ ಹರಡುತ್ತಿದ್ದಾಳೆ, ಅವಳು ಮನುಷ್ಯಳಲ್ಲ ಎಂಬ ಅನುಮಾನವೂ ಇದೆ ಎಂದು ನಮ್ಮೂರ ಪೊಲೀಸ್ ಪಟೇಲ ದೌಲತರಾಯರು ದೂರು ಕೊಟ್ಟಿದ್ದಾರೆಂದು ಅಮೀನ ಸಾಹೇಬರು ತಿಳಿಸಿದರು. ಆ ಹೆಂಗಸು ನಾನೇ. ನನಗೆ ಹೆಸರಿದೆ. ಮನುಷ್ಯಳೂ ಹೌದು. ಸಾಹೇಬರು ಹೇಳಿಕೆಯನ್ನು ಉರ್ದುವಿನಲ್ಲಿ ಬರೆಸಬೇಕೆಂದಿದ್ದರು. ನನಗೆ ತಿಳಿಯುವ ಮಾತಿನಲ್ಲಿ ಬರೆದರೆ ಮಾತ್ರ ಬಾಯಿ ಬಿಡುತ್ತೇನೆ ಎಂದು ನಾನು ಹಟ ಹಿಡಿದ ಮೇಲೆ ಮುನ್ಷಿಯವರು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ.

ಎಳ್ಳಮಾವಾಸ್ಯೆಗೆ ಎಂಟು ದಿನ ಮೊದಲು ನಮ್ಮೂರಲ್ಲಿ ಇಲಿ ಸತ್ತು ಬಿದ್ದವು. ಮೊದಲು ಶೆಟ್ಟರ ಮನೆಯ ಜೋಳದ ಹಗೇವಿನ ಹತ್ತಿರ, ಆಮೇಲೆ ನಮ್ಮ ಓಣಿಯಲ್ಲಿ. ಇಲಿ ಬಿದ್ದರೆ ಊರು ಬಿಡಬೇಕೆಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಎರಡು ದಿನದಲ್ಲಿ ಇಡೀ ಊರು ಮನೆಗಳಿಗೆ ಕೀಲಿ ಹಾಕಿ ಹೊಲಕ್ಕೆ ಹೋಗಿ ದಂಟಿನ ಗುಡಿಸಲು ಹಾಕಿಕೊಂಡಿತು. ನಾನು, ನನ್ನ ಗಂಡ, ಅತ್ತೆ ಬಾಳಮ್ಮ, ಐದು ವರ್ಷದ ಮಗಳು ಚಂದವ್ವ, ನಾಲ್ವರೂ ಒಂದೇ ಗುಡಿಸಲಿನಲ್ಲಿ ಇದ್ದೆವು.

ಗುಲಬರ್ಗಾದಿಂದ ಸೂಜಿ ಹಾಕುವವರು ಒಂದು ಸಲ ಬಂದರು. ಸೂಜಿ ಹಾಕಿಸಿಕೊಂಡವರ ರಕ್ತ ಒಣಗುತ್ತದೆ, ಮುದುಕರನ್ನು ಸಾಯಿಸಿ ಖರ್ಚು ಕಡಿಮೆ ಮಾಡಿಕೊಳ್ಳಲು ಸರಕಾರ ಹೂಡಿದ ಆಟ ಇದು ಎಂದು ಮಂದಿ ಮಾತಾಡಿಕೊಂಡರು. ಎಲ್ಲರೂ ಜೋಳದ ಬೆಳೆಯೊಳಗೆ ಹೊಕ್ಕು ಕುಳಿತರು. ನಾನೂ ಹೊಕ್ಕೆ. ಸೂಜಿಯವರು ಖಾಲಿ ಗುಡಿಸಲುಗಳನ್ನು ನೋಡಿಕೊಂಡು ಹೋದರು.

ಬೇನೆ ಬಿದ್ದವರ ವಿಷಯದಲ್ಲಿ ನಮ್ಮೂರಿನ ಹಿರಿಯರು ಒಂದು ಕಟ್ಟಳೆ ಮಾಡಿದ್ದಾರೆ. ಗಂಟು ಕಂಡವರನ್ನು ಹಳ್ಳದ ದಂಡೆಯ ಬೇರೆ ಗುಡಿಸಲಿಗೆ ಕಳಿಸುತ್ತಾರೆ. ನಡುದಾರಿಯಲ್ಲಿ ಒಂದು ಹಾಸುಗಲ್ಲಿದೆ. ಮನೆಯವರು ದಿನವೂ ಬೆಳಿಗ್ಗೆ ಅದರ ಮೇಲೆ ಅಂಬಲಿಯ ಗಡಿಗೆ ಇಟ್ಟು, ಕೂಗಿ, ಹಿಂದಿರುಗಿ ನೋಡದೆ ಹೋಗಬೇಕು. ಬೇನೆಯವರು ಆಮೇಲೆ ಬಂದು ಒಯ್ಯಬೇಕು. ಎರಡು ದಿನ ಗಡಿಗೆ ಅಲುಗದಿದ್ದರೆ ಹಿರಿಯರು ಬಂದು ದೂರದಲ್ಲಿ ನಿಂತು ಮೂರು ಸಲ ಹೆಸರು ಹಿಡಿದು ಕರೆಯುತ್ತಾರೆ. ಓ ಎನ್ನದಿದ್ದರೆ ಸತ್ತರೆಂದು ಲೆಕ್ಕ. ಒಳಗೆ ಹೋಗಿ ನೋಡುವ ಪದ್ಧತಿ ಇಲ್ಲ. ಮನೆಯವರೇ ಗುಡಿಸಲಿಗೆ ಬೆಂಕಿ ಇಡಬೇಕು. ಈ ಕಟ್ಟಳೆ ಮಾಡುವಾಗ ನಾನೂ ಹೆಂಗಸರ ನಡುವೆ ಕುಳಿತು ತಲೆ ಆಡಿಸಿದ್ದೆ. ಚೆನ್ನಾಗಿಯೇ ಇದೆ ಅನ್ನಿಸಿತ್ತು.

ಎಳ್ಳಮಾವಾಸ್ಯೆಯ ಮರುದಿನ ನನಗೆ ಚಳಿಜ್ವರ ಬಂತು. ಸಂಜೆಗೆ ತೊಡೆಯ ಸಂದಿಯಲ್ಲಿ ಗಂಟು ಕಂಡಿತು. ಗಂಡ ನನ್ನ ಕಂಬಳಿ, ಒಂದು ಕೊಡ ಮತ್ತು ಒಂದು ತಾಟನ್ನು ಕಟ್ಟಿಕೊಟ್ಟ. ಮಗಳು ಹಿಂದೆ ಬರುತ್ತೇನೆಂದು ಅತ್ತಳು. ಅತ್ತೆ ಅವಳ ರಟ್ಟೆ ಹಿಡಿದು ನಿಂತರು. ನಾನು ನಡೆದೇ ಹೋದೆ. ದಾರಿಯಲ್ಲಿ ಕಂಡವರೆಲ್ಲ ಬಾಯಿಗೆ ಸೆರಗು ಹಿಡಿದು ಪಕ್ಕಕ್ಕೆ ಸರಿದರು. ಹಿಂದಿನ ದಿನವಷ್ಟೇ ಅವರಿಗೆ ನಾನು ನನ್ನ ಕೈಯಿಂದ ಭಜ್ಜಿಪಲ್ಯೆ ಬಡಿಸಿದ್ದೆ.

ಮೊದಲ ಮೂರು ದಿನ ಹೇಗೋ ತೆವಳಿ ಹೋಗಿ ಗಡಿಗೆ ತಂದುಕೊಂಡೆ. ಆಮೇಲೆ ಮೈಮೇಲೆ ಪೂರ್ತಿ ಎಚ್ಚರ ಇರಲಿಲ್ಲ. ಬೆಳಿಗ್ಗೆ ಗಂಡ ಕೂಗಿದ್ದು ಕೇಳಿಸುತ್ತಿತ್ತು, ಏಳಲು ಆಗುತ್ತಿರಲಿಲ್ಲ. ಹಾಗೆ ಎರಡು ಗಡಿಗೆ ಕಲ್ಲಿನ ಮೇಲೆಯೇ ಉಳಿದವು. ಎರಡನೆಯ ದಿನದ ಬೆಳಗಿನ ಜಾವ ಗಂಟು ತಾನಾಗಿ ಒಡೆದು ಕೀವು ಹೋಯಿತು. ಜ್ವರ ಇಳಿಯಿತು. ಮಧ್ಯಾಹ್ನ ಬಾಯಾರಿಕೆ ತಡೆಯದೆ ಕೈಯೂರಿಕೊಂಡು ಹಳ್ಳಕ್ಕೆ ಇಳಿದು ನೀರು ಕುಡಿದೆ. ಹತ್ತಲು ಶಕ್ತಿ ಸಾಲದೆ ಅಲ್ಲೇ ಲಕ್ಕಿಪೊದೆಯ ನೆರಳಿನಲ್ಲಿ ಒರಗಿಕೊಂಡೆ. ಗುಡಿಸಲು ಅಲ್ಲಿಂದ ಸುಮಾರು ಮೂವತ್ತು ಮಾರು ದೂರ, ಮೇಲೆ ದಂಡೆಯಲ್ಲಿತ್ತು.

ಹೊತ್ತು ಇಳಿಯುವಾಗ ದೌಲತರಾಯರು, ನನ್ನ ಗಂಡ, ಅತ್ತೆ ಮತ್ತು ಏಳೆಂಟು ಮಂದಿ ಬಂದರು. ಪಟೇಲರು ನನ್ನ ಹೆಸರು ಹಿಡಿದು, "ಗುರಮ್ಮಾ, ಅದೀಯೇನು? ಇದ್ದರ ಓ ಅನ್ನು" ಎಂದು ಕರೆದರು. ನಾನು ಓ ಎಂದೆ. ಗಂಟಲಿನಿಂದ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಎರಡನೆಯ ಸಲವೂ ಎಂದೆ. ಮೂರನೆಯ ಸಲ ಕಲ್ಲು ಎತ್ತಿ ಕಲ್ಲಿಗೆ ಕುಟ್ಟಿದೆ. ಅತ್ತೆ ಅಷ್ಟರಲ್ಲಿ ಅಳಲು ಶುರು ಮಾಡಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ನನ್ನ ಸೊಸೆ ಬಂಗಾರದಂಥವಳು, ಅವಳ ಕೈಯ ರೊಟ್ಟಿ ಇನ್ನು ಯಾರಿಗೆ ಬರುತ್ತದೆ ಎಂದು ಅತ್ತರು. ಏಳು ವರ್ಷ ನನ್ನ ರೊಟ್ಟಿ ದಪ್ಪ ಎಂದವರು ಇದೇ ಅತ್ತೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವುದು ಸುಳ್ಳಲ್ಲ.

ನನ್ನ ಗಂಡ ದಂಟಿನ ಸಿವುಡಿಗೆ ಬೆಂಕಿ ಹೊತ್ತಿಸಿ ಎಸೆದ. ಅದು ಆರಿತು. ಎರಡನೆಯದನ್ನು ಎಸೆದ, ಅದೂ ಆರಿತು. ಅವನಿಗೆ ಮನೆಯಲ್ಲಿ ಒಲೆ ಹೊತ್ತಿಸಲೂ ಬರುವುದಿಲ್ಲ. ಮೂರನೆಯದು ಹೊತ್ತಿತು. ಅವನು ಅಲ್ಲೇ ನೆಲಕ್ಕೆ ಕುಳಿತು ಮುಖ ಮುಚ್ಚಿಕೊಂಡ. ಹಳ್ಳದಿಂದ ನನಗೆ ಅದೆಲ್ಲ ಕಾಣಿಸುತ್ತಿತ್ತು. ನನ್ನ ಕಂಬಳಿ ಒಳಗಿತ್ತು. ಅದು ನಾನು ಕೈಯಾರೆ ನೂತ ಉಣ್ಣೆಯಿಂದ ನೇಯಿಸಿದ್ದು. ಉರಿ ಏರಿದಾಗ ನಾನು ದಂಡೆಯ ಅಂಚು ಹಿಡಿದು ತಲೆ ಎತ್ತಿ ಕೈ ಬೀಸಿದೆ. ಯಾರೋ ಒಬ್ಬರು ಕಂಡು ಚೀರಿದರು. ಎಲ್ಲರೂ ಓಡಿದರು. ನನ್ನ ಗಂಡನನ್ನು ಇಬ್ಬರು ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ಹೊಗೆ ಕಂಡು ದರ್ಗಾ ನೋಡಿಕೊಳ್ಳುವ ಇಮಾಮಸಾಬ ಬಂದರು. ಅವರ ಹೆಂಡತಿ ಶಮಶಾದಬಿ ಮತ್ತು ಇಬ್ಬರು ಗಂಡುಮಕ್ಕಳು ಹಿಂದೊಂದು ವರ್ಷ ಇದೇ ಬೇನೆಯಲ್ಲಿ ಹೋದವರು. "ತಂಗಿ, ಅಂಜಬ್ಯಾಡ. ನನಗ ಇದು ಬಂದು ಹೋಗ್ಯಾದ, ಇನ್ನ ನನ್ನ ಮುಟ್ಟಂಗಿಲ್ಲ" ಎಂದು ನನ್ನನ್ನು ಹೆಗಲಿಗೆ ಒರಗಿಸಿಕೊಂಡು ದರ್ಗಾದ ಪಡಸಾಲೆಗೆ ಕರೆದೊಯ್ದರು. ಆಡಿನ ಹಾಲು ಕೊಟ್ಟರು. ಎಂಟು ದಿನದಲ್ಲಿ ನಾನು ಗೋಡೆ ಹಿಡಿದು ನಡೆಯುವಂತಾದೆ.

ನಾನು ಬದುಕಿರುವ ಸುದ್ದಿಯನ್ನು ಇಮಾಮಸಾಬರು ಗುಡಿಸಲುಗಳ ಹತ್ತಿರ ಹೋಗಿ ಹೇಳಿದರು. ಅಷ್ಟರಲ್ಲಿ ನನ್ನ ದಿನಕರ್ಮ ಆಗಿತ್ತು, ಎಡೆ ಇಟ್ಟು ಊಟ ಹಾಕಿಯೂ ಆಗಿತ್ತು. ಉರಿಯುವ ಗುಡಿಸಲಿನಿಂದ ಅವಳು ಎದ್ದು ಬಂದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಈಗ ಇರುವುದು ಅವಳ ಪಿಶಾಚಿ ಎಂದರಂತೆ. ಅವಳ ಕಾಲು ಹಿಂದುಮುಂದಾಗಿವೆಯೇ, ನೀನು ನೋಡಿದ್ದೀಯಾ ಎಂದು ಕೇಳಿದರಂತೆ. ಇದನ್ನು ಹೇಳುವಾಗ ಇಮಾಮಸಾಬರ ಕಣ್ಣೂ ಒಂದು ಗಳಿಗೆ ನನ್ನ ಕಾಲಿನ ಕಡೆ ಹೋಯಿತು. ನನಗೆ ನಗು ಬಂತು. ಎರಡೂ ಕಾಲು ಚಾಚಿ, "ನೋಡ್ರಿ ಚಾಚಾ, ಸೀಳು ಬಿಟ್ಟಾವ ಖರೆ, ತಿರುಗಿ ಇಲ್ಲ" ಎಂದೆ. ಅವರು ಬಹಳ ನೊಂದುಕೊಂಡರು. ಅವರು ಆಡಿಗೆ ಸೊಪ್ಪು ತರಲು ಹೋದ ಮೇಲೆ ನಾನು ಅತ್ತುಬಿಟ್ಟೆ.

ದೂರದಿಂದ ಹೇಳಿದರೆ ನಂಬುವುದಿಲ್ಲ, ಹಗಲು ಹೊತ್ತಿನಲ್ಲಿ ಎದುರಿಗೆ ಹೋದರೆ ನಂಬುತ್ತಾರೆ ಎಂದು ನಾನು ಎಣಿಸಿದೆ. ಹೋದ ಸೋಮವಾರ ಮಟಮಟ ಮಧ್ಯಾಹ್ನ ತಲೆ ಬಾಚಿಕೊಂಡು, ಹಣೆಗೆ ಕುಂಕುಮವಿಟ್ಟುಕೊಂಡು ಹೋದೆ. ನಮ್ಮ ಗುಡಿಸಲಿನ ಮುಂದೆ ಮಗಳು ಒಬ್ಬಳೇ ಜೋಳದ ದಂಟಿನ ಬಂಡಿ ಮಾಡಿಕೊಂಡು ಆಡುತ್ತಿದ್ದಳು. ತಲೆ ಜಡೆಗಟ್ಟಿತ್ತು. ನಾನು ಮುಳ್ಳುಬೇಲಿಯ ಈಚೆ ನಿಂತು ಅವಳ ಹೆಸರು ಕರೆದೆ. ಅವಳು ನನ್ನನ್ನು ನೋಡಿದಳು. ಗುರುತು ಹಿಡಿದಳು, ಅದರಲ್ಲಿ ಸಂಶಯವಿಲ್ಲ. "ಅಜ್ಜೀ, ಅವ್ವನ ದೆವ್ವ ಬಂದದ" ಎಂದು ಕೂಗಿ ಮಣ್ಣಿನ ಹೆಂಟೆ ಎತ್ತಿ ಎಸೆದಳು. ಹೆಂಟೆ ನನಗೆ ತಾಗಲಿಲ್ಲ. ಅವಳ ಕೈ ಇನ್ನೂ ಚಿಕ್ಕದು, ಬೇಲಿಯ ಆಚೆಗೇ ಬಿತ್ತು. ದೊಡ್ಡವರು ಎಸೆದ ಕಲ್ಲು ಆಮೇಲೆ ತಾಗಿದವು. ಎಡಭುಜದ ಗಾಯವನ್ನು ಅಮೀನ ಸಾಹೇಬರು ದೂರದಿಂದ ನೋಡಿದ್ದಾರೆ. ಆ ಕಲ್ಲುಗಳ ಬಗ್ಗೆ ನನ್ನ ದೂರು ಇಲ್ಲ.

ಮರುದಿನ ಇಮಾಮಸಾಬರು ತಂದ ಸುದ್ದಿಯಂತೆ, ದೆವ್ವ ಮಗಳನ್ನು ಹುಡುಕಿಕೊಂಡು ಬಂತೆಂದು ನನ್ನ ಗಂಡನ ಗುಡಿಸಲನ್ನು ಎಲ್ಲರಿಂದ ಬೇರೆ ಮಾಡಿ ಹೊಲದ ತುದಿಗೆ ಹಾಕಿಸಿದ್ದಾರೆ. ಬಾವಿಯಲ್ಲಿ ನನ್ನ ಅತ್ತೆಯ ಕೊಡಕ್ಕೆ ಜಾಗವಿಲ್ಲ. ಮಗಳ ಜೊತೆ ಯಾವ ಮಕ್ಕಳನ್ನೂ ಆಡಲು ಬಿಡುವುದಿಲ್ಲ. ಅವಳು ನಿದ್ದೆಯಲ್ಲಿ ಚೀರಿ ಏಳುತ್ತಾಳಂತೆ. ಇನ್ನೊಮ್ಮೆ ದೆವ್ವ ಬಂದರೆ ಅವಳನ್ನೂ ಹಳ್ಳದ ದಂಡೆಗೆ ಕಳಿಸಬೇಕು ಎಂದು ಹಿರಿಯರು ಮಾತಾಡಿಕೊಂಡಿದ್ದಾರೆ.

ಈ ದಿನ ಬೆಳಿಗ್ಗೆ ಅಮೀನ ಸಾಹೇಬರು ದೌಲತರಾಯರನ್ನೂ ನನ್ನ ಗಂಡನನ್ನೂ ಈ ಮರದ ಹತ್ತಿರ ಕರೆಸಿದರು. ನನ್ನನ್ನು ಹತ್ತು ಮಾರು ದೂರದಲ್ಲಿ ಕೂರಿಸಿದ್ದರು. ಈ ಹೆಂಗಸು ಯಾರೆಂದು ಕೇಳಿದಾಗ ಪಟೇಲರು ತಮಗೆ ಗುರುತಿಲ್ಲ ಎಂದರು. ನನ್ನ ಗಂಡ ಇಷ್ಟು ದೂರದಿಂದ ತಿಳಿಯುವುದಿಲ್ಲ ಎಂದ. ಹತ್ತಿರ ಹೋಗಿ ನೋಡು ಎಂದು ಸಾಹೇಬರು ಹೇಳಿದರು. ಅವನು ಬಾಯಿಗೆ ರುಮಾಲು ಹಿಡಿದುಕೊಂಡು ಬಂದು ನಿಂತ. ಬಹಳ ಸೊರಗಿದ್ದಾನೆ. ನನಗೆ ಮಾತ್ರ ಕೇಳುವ ಹಾಗೆ, "ನೋಡು ಬೇ, ಹೋಳಿ ಹುಣ್ಣಿಮಿ ತನಕ ಸತ್ತಂಗೇ ಇರು. ಈಗ ನೀ ಬಂದ್ರ ಹುಡುಗಿನೂ ಹೊರಗ ಹಾಕ್ತಾರ. ನಿನ್ನ ಕಾಲು ಬೀಳ್ತೇನಿ" ಎಂದ. ಅವನು ತಿರುಗಿ ಹೋಗಿ, "ಈಕಿ ನಮ್ಮಾಕಿ ಅಲ್ರಿ ಸಾಹೇಬ್ರ. ನಮ್ಮಾಕಿ ಸತ್ತಾಳ್ರಿ" ಎಂದು ಹೇಳಿದ.

ನನಗೆ ಸಿಟ್ಟು ಬಂತು. ಅವನ ಬೆನ್ನಿನ ಮೇಲೆ ಎಲ್ಲಿ ಮಚ್ಚೆ ಇದೆ, ಯಾವ ಹಲ್ಲು ನೋಯುತ್ತದೆ ಎಂದು ಕೂಗಿ ಹೇಳಿದ್ದರೆ ಪಟೇಲರ ಎದುರಿಗೇ ಸಾಬೀತಾಗುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಗಂಡಸಿನ ಜೊತೆ ನಾನು ಏಳು ವರ್ಷ ಬಾಳಿದ್ದೇನೆ. ಆದರೆ ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಬಿಸಿಲು ಏರಿದರೆ ಈ ಬೇನೆ ನಿಲ್ಲುತ್ತದೆ, ಊರು ಮನೆಗಳಿಗೆ ಮರಳುತ್ತದೆ, ಮಂದಿಯ ಅಂಜಿಕೆಯೂ ಇಳಿಯುತ್ತದೆ. ಅಲ್ಲಿಯವರೆಗೆ ನಾನು ಬದುಕಿದ್ದೇನೆ ಎಂದರೆ ಮಗಳು ಬದುಕುವುದಿಲ್ಲ. ಅವರಿಬ್ಬರೂ ಹೊರಟುಹೋದ ಮೇಲೆ ನಾನು ಅಮೀನ ಸಾಹೇಬರಿಗೆ ನಿಜ ಹೇಳುತ್ತೇನೆ ಎಂದೆ.

ನಿಜ ಏನೆಂದರೆ, ನಾನು ಗುರಮ್ಮ. ಈಗ ಇಲ್ಲಿಂದ ಎದ್ದು ಹೋದವನು ನನ್ನ ಗಂಡ. ಅವನು ಸರಕಾರದ ಮುಂದೆ ಸುಳ್ಳು ಹೇಳಿದ್ದಕ್ಕೆ ಅವನನ್ನು ಹಿಡಿಯಬಾರದು. ಈ ಹೇಳಿಕೆಯನ್ನು ಊರು ಮನೆ ಸೇರುವವರೆಗೆ ಠಾಣೆಯಲ್ಲೇ ಇಟ್ಟುಕೊಳ್ಳಬೇಕು. ಹೋಳಿ ಹುಣ್ಣಿಮೆಯ ನಂತರ ಸಾಹೇಬರೇ ಬಂದು ಬೋರಿಹಾಳದ ಚಾವಡಿಯಲ್ಲಿ ಎಲ್ಲರ ಮುಂದೆ ಓದಿಸಬೇಕು. ಅಷ್ಟರವರೆಗೆ ನಾನು ದರ್ಗಾ ಬಿಟ್ಟು ಹಳ್ಳ ದಾಟುವುದಿಲ್ಲ. ಇಮಾಮಸಾಬರು ನನ್ನನ್ನು ಇರಿಸಿಕೊಳ್ಳಲು ಒಪ್ಪಿದ್ದಾರೆ.

ಹಾಗಾದರೆ ಇಂದು ಬಂದದ್ದಕ್ಕೆ ನಿನಗೆ ಆದ ಲಾಭವೇನು ಎಂದು ಅಮೀನ ಸಾಹೇಬರು ಕೇಳಿದರು. ನನಗೆ ಒಂದೇ ಒಂದು ಕೆಲಸ ಆಗಬೇಕಾಗಿದೆ. ಈ ಸಂಜೆ ಗುಡಿಸಲುಗಳ ನಡುವೆ ಡಂಗುರ ಹೊಡೆಸಬೇಕು. ಬೇಲಿಯ ಹತ್ತಿರ ಬಂದಿದ್ದ ದೆವ್ವವನ್ನು ಸರಕಾರ ಹಿಡಿದು ಭೀಮಾ ನದಿಯ ಆಚೆಗೆ ಬಿಟ್ಟಿದೆ, ಅದು ಇನ್ನು ಬರುವುದಿಲ್ಲ ಎಂದು ಸಾರಿಸಬೇಕು. ಹೊಲದ ತುದಿಗೆ ಒಂದೇ ಗುಡಿಸಲಿದೆ, ಅಷ್ಟು ದೂರ ಯಾಕೆ ಎಂದು ಡಂಗುರದವನು ಅರ್ಧಕ್ಕೇ ತಿರುಗದಂತೆ ನೋಡಿಕೊಳ್ಳಬೇಕು. ಅಲ್ಲಿ ನಿಂತು ಎರಡು ಸಲ ಸಾರಲಿ. ನನ್ನ ಮಗಳು ನನಗೆ ಅಂಜದೆ ಮಲಗಲಿ.

ಮೇಲೆ ಬರೆದುಕೊಂಡದ್ದನ್ನು ಮುನ್ಷಿಯವರು ನನಗೆ ಕನ್ನಡದಲ್ಲೇ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಡಂಗುರದವನು ಸಾರುವ ಮಾತೊಂದೇ ಸುಳ್ಳು. ಅದನ್ನು ಹೇಳಿಸಿದವಳೂ ನಾನೇ.

ಸ್ಥಳ: ಸರಸಂಬಾ ರಸ್ತೆ, ಹುಣಸೆಮರದ ಕೆಳಗೆ
ತಾರೀಖು: ೨೪ ಇಸ್ಫಂದಾರ, ಫಸಲಿ ೧೩೪೭

ಗುರಮ್ಮ, ಬೋರಿಹಾಳ, ಇವಳ ಎಡಗೈ ಹೆಬ್ಬೆಟ್ಟಿನ ಗುರುತು
ಸಾಕ್ಷಿ: ಇಮಾಮಸಾಬ, ದರ್ಗಾ