ಒಬ್ಬನೇ ಅಣ್ಣ

2025ರ ಜೂನ್ 17, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಕುಂದಾಪುರದಲ್ಲಿ ಹಾಲಾಡಿ ಬಸ್ಸಿಗೆ ಕಾಯುತ್ತಿದ್ದ ವೇದಾವತಿ ಟೀಚರ ಪಕ್ಕದಲ್ಲೇ ಅಕ್ಕ ತಮ್ಮ ಇಬ್ಬರು ಒಂದೇ ಮೊಬೈಲಿನ ಮೇಲೆ ಬಗ್ಗಿಕೊಂಡಿದ್ದರು. ಬೇಡವೆಂದರೂ ಮಾತು ಟೀಚರ ಕಿವಿಗೆ ಬೀಳುತ್ತಿತ್ತು.

“ಈ ಜಪಾನಿ ಅನಿಮೆ ಕಾರ್ಟೂನ್ ಸಿನೆಮಾ ನೀ ಕಂಡಿದ್ಯಾ ಅಕ್ಕ?”

“ಇಲ್ಲೆ. ಕಾಂಬುದ್ ಎಂತಕ್ಕೆ? ವೆಬ್‌ಸೈಟಿನವ್ರ್ ಅದ್ರ್ ಬಗ್ಗೆ ಕೊಟ್ಟ ಲೇಖನದ ಶಬ್ದ ಬದಲ್ ಮಾಡಿ ಹನ್ನೊಂದ್ ಗಂಟೆ ಒಳಗೆ ಕಳ್ಸುದ್. ಮೂಲಕ್ಕೆ ಹೋಲೂದ್ ಹದಿನೈದ್ ಪರ್ಸೆಂಟ್ ದಾಟಿರೆ ಕೆಲ್ಸ ಇಲ್ಲೆ.”

“ಈಗ ಎಷ್ಟಿತ್ತ್?”

“ಹದಿನಾಲ್ಕ್.”

“ಸಿನೆಮಾದ ಆ ಹೆಣ್ಣಿಗೆ ಕಡಲಗೆ ಕಳ್ದ್ ಹೋದ ಅಣ್ಣ ಒಬ್ನೇ. ನೀ ಒಂದ್ ಕಡೆ ಅಗ್ರಜ ಅಂದೆ, ಒಂದ್ ಕಡೆ ಸಹೋದರ, ಆಮೇಲೆ ಹಿರಿಯಣ್ಣ, ಜ್ಯೇಷ್ಠ ಭ್ರಾತ. ಓದಿದವ್ರ್ ನಾಕ್ ಜನ ಮುಳುಗಿದ್ರ್ ಅಂದ್ಕಂತ್ರ್.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ.

“ನಗಾಡ್ಬೇಡ. ಅವ್ಳ್ ದಿನಾ ಕಡಲ್ ಬದಿಗೆ ನಿಂತ್ಕಂಡ್ ಅಣ್ಣಾ ಅಂತ ಕರಿತ್ಲ್. ಇಡೀ ಕಥೆಯೇ ಅದ್. ನಾ ಕಳ್ದ್ ಹೋರೆ ನೀ ಅನುಜಾ ಅಂತ ಕರಿತ್ಯಾ?”

ಅಕ್ಕ ನಗು ನಿಲ್ಲಿಸಿದಳು.

“ಎಲ್ಲಾ ಕಡೆ ಅಣ್ಣ ಅಂತ ಹಾಕಿರೆ ಪರ್ಸೆಂಟ್ ಏರತ್ತ್ ಮಾರಾಯ.”

“ಅದ್ ನಂಗೂ ಗೊತ್ತಿತ್ತ್.”

ಅವಳು ಮತ್ತೆ ಮೊಬೈಲಿನ ಮೇಲೆ ಬೆರಳಾಡಿಸತೊಡಗಿದಳು. ಅಷ್ಟರಲ್ಲಿ ಬೈಂದೂರಿನ ಬಸ್ಸು ಬಂದು ನಿಂತಿತು. ಚೀಲಗಳನ್ನು ತಮ್ಮ ಎತ್ತಿಕೊಂಡ.

“ಕಳ್ಸಿದ್ಯಾ?”

“ಕಳ್ಸಿದೆ. ಬೇಗ ಹತ್ತ್.”

“ಎಷ್ಟ್ ಬಂತ್?”

ಮೆಟ್ಟಿಲ ಮೇಲೆ ಕಾಲಿಡುತ್ತ, ಹಿಂದೆ ತಿರುಗದೆ ಅವಳು ಹೇಳಿದಳು:

“ಹದಿನೇಳ್ ಪರ್ಸೆಂಟ್.”